ಪರೀಕ್ಷೆ ಗಂಡನಿಂದಲೇ ಶುರುವಾಗಲಿ

ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಕಲ್ಲಿನ ಕಂಬದ ಮೇಲೆ ಒಂದು ವಂಶಾವಳಿಯಿದೆ. ಐದನೇ ಶತಮಾನದ ನಡುಭಾಗದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವದು. ಮಯೂರಶರ್ಮ, ಅವನ ಮಗ ಕಂಗವರ್ಮ, ಅವನ ಮಗ ಭಗೀರಥ, ಭಗೀರಥನ ಮಕ್ಕಳು ರಘು ಮತ್ತು ಕಾಕುಸ್ಥವರ್ಮ, ಕಾಕುಸ್ಥನ ಮಗ ಶಾಂತಿವರ್ಮ ಎಂದು ಕದಂಬರ ಹೆಸರುಗಳು ತಂದೆಯಿಂದ ಮಗನಿಗೆ ಇಳಿಯುತ್ತ ಹೋಗುತ್ತವೆ. ವಂಶವೆಂದರೆ ಗಂಡಸರ ಸಾಲು ಎಂಬ ಆ ಕಾಲದ ಎಣಿಕೆ ಇಂದಿಗೂ ಬಹಳ ಬದಲಾಗಿಲ್ಲ. ಮಗು ಹುಟ್ಟಿದರೆ ಕುಲ ಬೆಳಗಿಸಿದ ಹೆಮ್ಮೆ ಗಂಡನ ಮನೆಗೆ ಸೇರುತ್ತದೆ. ಹುಟ್ಟದಿದ್ದರೆ ಬಂಜೆ ಎಂಬ ಮಾತು ಸೊಸೆಯ ಪಾಲಿಗೆ ಬರುತ್ತದೆ.

ಮದುವೆಯಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಶಿಕಾರಿಪುರದ ಹಳ್ಳಿಯಲ್ಲಾಗಲಿ ಸೊರಬದ ಹಳ್ಳಿಯಲ್ಲಾಗಲಿ ನೆಂಟರ ಪ್ರಶ್ನೆಗಳು ಶುರುವಾಗುತ್ತವೆ. ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊರುವವಳು ಹೆಂಡತಿ. ನಾಟಿ ಔಷಧಿ ಕುಡಿಯುವವಳು ಅವಳೇ. ಶಿವಮೊಗ್ಗದ ಆಸ್ಪತ್ರೆಗೆ ಬಸ್ಸು ಹತ್ತಿ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳದ ಪರೀಕ್ಷೆ ಎಂದು ಸಾಲು ಸಾಲಾಗಿ ಮಾಡಿಸಿಕೊಳ್ಳುವವಳೂ ಅವಳೇ. ಗಂಡ ಆಸ್ಪತ್ರೆಯ ಹೊರಗೆ ಚಹಾ ಅಂಗಡಿಯಲ್ಲಿ ಕಾಯುತ್ತಾನೆ. ಒಂದು ಸಣ್ಣ ಡಬ್ಬಿಯಲ್ಲಿ ವೀರ್ಯದ ಮಾದರಿ ಕೊಟ್ಟರೆ ಮುಗಿಯುವ ಪರೀಕ್ಷೆಗೆ ಅವನನ್ನು ಒಪ್ಪಿಸುವಷ್ಟರಲ್ಲಿ ಇನ್ನೆರಡು ವರ್ಷ ಉರುಳಿರುತ್ತವೆ.

ಈ ಕ್ರಮ ತಿರುಗಬೇಕು. ಪರೀಕ್ಷೆ ಗಂಡನಿಂದಲೇ ಶುರುವಾಗಬೇಕು. ಆ ಪರೀಕ್ಷೆ ವೀರ್ಯಾಣುಗಳ ಎಣಿಕೆಗೆ ನಿಲ್ಲದೆ ಅವನು ವಾರಕ್ಕೆ ಎಷ್ಟು ಕುಡಿಯುತ್ತಾನೆ, ಅವನ ಬಾಲ್ಯ ಎಂಥ ಮನೆಯಲ್ಲಿ ಕಳೆಯಿತು ಎಂಬ ಎರಡು ಪ್ರಶ್ನೆಗಳನ್ನೂ ಒಳಗೊಳ್ಳಬೇಕು. ಇವೆರಡೂ ಗಂಡಸಿನ ಸಂತಾನಶಕ್ತಿಯನ್ನು ತಟ್ಟುತ್ತವೆ ಎಂಬುದಕ್ಕೆ ಕಳೆದ ಒಂದೂವರೆ ದಶಕದಲ್ಲಿ ಸಾಕಷ್ಟು ಪುರಾವೆ ಸೇರಿದೆ.

ಲೋಕದ ಲೆಕ್ಕದಿಂದ ಶುರು ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ವಯಸ್ಕರಲ್ಲಿ ಶೇ 17.5ರಷ್ಟು, ಅಂದರೆ ಆರರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆ. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಕೆಲವೊಮ್ಮೆ ಅದೊಂದೇ, ಕೆಲವೊಮ್ಮೆ ಹೆಂಡತಿಯ ತೊಂದರೆಯ ಜೊತೆಗೆ. ವೃಷಣದ ರಕ್ತನಾಳ ಉಬ್ಬುವ ವೆರಿಕೋಸಿಲ್, ದೊಡ್ಡವನಾದ ಮೇಲೆ ಬಂದ ಮಂಗನಬಾವು, ವಂಶವಾಹಿಯ ದೋಷ, ತಂಬಾಕು, ಬೊಜ್ಜು, ವಿಪರೀತ ಶಾಖದಲ್ಲಿ ಮಾಡುವ ಕೆಲಸ ಹೀಗೆ ಕಾರಣಗಳ ಪಟ್ಟಿ ಉದ್ದವಿದೆ. ಮದ್ಯವೂ ಆ ಪಟ್ಟಿಯಲ್ಲಿದೆ. ಉಳಿದ ಹಲವು ಕಾರಣಗಳಿಗಿಂತ ಅದು ಭಿನ್ನ: ತಂಬಾಕಿನಂತೆ ಅದನ್ನೂ ನಿಲ್ಲಿಸಲು ಸಾಧ್ಯವಿದೆ.

ಕುಡಿತ ದೇಹದೊಳಗೆ ಮಾಡುವ ಕೆಲಸವನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಎರಡು ಹಾರ್ಮೋನುಗಳ ಮೂಲಕ ವೃಷಣಕ್ಕೆ ಕೆಲಸ ಹಚ್ಚುತ್ತದೆ. ವೃಷಣದ ಲೇಡಿಗ್ ಕೋಶಗಳು ಟೆಸ್ಟೋಸ್ಟಿರಾನ್ ತಯಾರಿಸುತ್ತವೆ, ಸರ್ಟೋಲಿ ಕೋಶಗಳು ಬೆಳೆಯುವ ವೀರ್ಯಾಣುಗಳನ್ನು ಪೋಷಿಸುತ್ತವೆ. ಮದ್ಯ ಈ ಮೂರೂ ಮಟ್ಟದಲ್ಲಿ ಕೈಯಾಡಿಸುತ್ತದೆ. ಮಿದುಳಿನ ಸೂಚನೆ ಮಂದವಾಗುತ್ತದೆ, ಲೇಡಿಗ್ ಕೋಶಗಳ ಉತ್ಪಾದನೆ ಕುಗ್ಗುತ್ತದೆ, ಮದ್ಯ ಒಡೆಯುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಮತ್ತು ಆಕ್ಸಿಡೀಕರಣದ ಒತ್ತಡ ವೀರ್ಯಾಣುಗಳ ಪೊರೆಯನ್ನೂ ಡಿಎನ್ಎಯನ್ನೂ ಕೆಡಿಸುತ್ತವೆ. ವರ್ಷಗಟ್ಟಲೆ ಕುಡಿದು ಯಕೃತ್ತು ಹಾಳಾದವರಲ್ಲಿ ಟೆಸ್ಟೋಸ್ಟಿರಾನ್ ಇಳಿದು ಈಸ್ಟ್ರೋಜನ್ ಮೇಲುಗೈ ಪಡೆಯುತ್ತದೆ. ಅಂಥ ಗಂಡಸರಿಗೆ ಎದೆ ಉಬ್ಬುತ್ತದೆ, ವೃಷಣ ಸಣ್ಣದಾಗುತ್ತದೆ, ಗಡ್ಡ ಮೀಸೆ ತೆಳುವಾಗುತ್ತದೆ. ಕುಡಿದರೆ ಗಂಡಸುತನ ಹೆಚ್ಚುತ್ತದೆ ಎಂಬ ಬಾರ್ ಮಾತಿಗೆ ಶರೀರಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ನಿಮಿರುವಿಕೆಯ ತೊಂದರೆಗೆ ದೀರ್ಘಕಾಲದ ಕುಡಿತ ಬಹಳ ಸಾಮಾನ್ಯವಾದ ಕಾರಣಗಳಲ್ಲಿ ಒಂದು.

ಎಷ್ಟು ಕುಡಿದರೆ ಹೆಚ್ಚು? ಡೆನ್ಮಾರ್ಕಿನಲ್ಲಿ ಸೇನಾ ತಪಾಸಣೆಗೆ ಬಂದ 18ರಿಂದ 28 ವರ್ಷದ 1,221 ಯುವಕರನ್ನು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಾರಕ್ಕೆ 5 ಯೂನಿಟ್ ದಾಟಿದವರಲ್ಲೇ ವೀರ್ಯದ ಗುಣಮಟ್ಟ ಇಳಿಯತೊಡಗಿತ್ತು. 25 ಯೂನಿಟ್ ಮೀರಿದವರಲ್ಲಿ ಇಳಿಕೆ ಎದ್ದು ಕಾಣುತ್ತಿತ್ತು. ಡೆನ್ಮಾರ್ಕಿನ ಒಂದು ಯೂನಿಟ್ ಎಂದರೆ 12 ಗ್ರಾಂ ಶುದ್ಧ ಮದ್ಯಸಾರ. ಶಿರಾಳಕೊಪ್ಪದ ಅಂಗಡಿಯಲ್ಲಿ ಸಿಗುವ ಕ್ವಾರ್ಟರ್ ಬಾಟಲಿಗೆ ಇದನ್ನು ಹೊಂದಿಸಿ ನೋಡಬೇಕು. 180 ಮಿಲಿಲೀಟರ್ ವಿಸ್ಕಿಯಲ್ಲಿ ಶೇ 42.8ರಷ್ಟು ಮದ್ಯಸಾರವಿದ್ದರೆ ಅದರ ತೂಕ ಸುಮಾರು 60 ಗ್ರಾಂ. ಅಂದರೆ ಒಂದು ಕ್ವಾರ್ಟರ್‌ಗೆ 5 ಯೂನಿಟ್. ವಾರಕ್ಕೊಂದು ಕ್ವಾರ್ಟರ್ ಆ ಯುವಕರ ಮೊದಲ ಗಡಿಯಾದರೆ, ವಾರಕ್ಕೆ ಐದು ಕ್ವಾರ್ಟರ್ ಎರಡನೆಯ ಗಡಿ. ದಿನವೂ ಕೂಲಿ ಮುಗಿಸಿ ಒಂದು ಕ್ವಾರ್ಟರ್ ಹಾಕುವವನು ತನ್ನನ್ನು ಕುಡುಕನೆಂದು ಕರೆದುಕೊಳ್ಳುವುದಿಲ್ಲ; ಮೈಕೈ ನೋವಿಗೆ ಸ್ವಲ್ಪ ಎನ್ನುತ್ತಾನೆ. ಅವನ ವಾರದ ಲೆಕ್ಕ 35 ಯೂನಿಟ್.

ಕುಡಿಯುವವರಿಗೆ ಮಕ್ಕಳಾಗುವುದಿಲ್ಲವೇ, ನಮ್ಮೂರಲ್ಲಿ ದಿನಾ ಕುಡಿಯುವವನಿಗೆ ನಾಲ್ಕು ಮಕ್ಕಳಿದ್ದಾರಲ್ಲ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಆಗುತ್ತಾರೆ. ಬೀಡಿ ಸೇದಿಯೂ ತೊಂಬತ್ತು ವರ್ಷ ಬಾಳಿದವರಿದ್ದಾರೆ. ಇಲ್ಲಿ ಮಾತಾಡುತ್ತಿರುವುದು ಸಾಧ್ಯತೆಯ ಬಗ್ಗೆ. ವೀರ್ಯಾಣುಗಳು ಹೇರಳವಾಗಿರುವವನಿಗೆ ಒಂದಿಷ್ಟು ಇಳಿದರೂ ತೊಂದರೆಯಾಗದಿರಬಹುದು. ಗಡಿಯಲ್ಲಿರುವವನಿಗೆ ಅಷ್ಟೇ ಇಳಿಕೆ ಮಗು ಆಗುವುದಕ್ಕೂ ಆಗದಿರುವುದಕ್ಕೂ ನಡುವಿನ ವ್ಯತ್ಯಾಸವಾಗಬಹುದು. ತಾನು ಯಾವ ಗುಂಪಿನವನು ಎಂಬುದು ಪರೀಕ್ಷೆಯಿಲ್ಲದೆ ಯಾರಿಗೂ ತಿಳಿಯುವುದಿಲ್ಲ.

ಮದ್ಯದ ರಾಜಕೀಯಕ್ಕೂ ಈ ಸೀಮೆಗೂ ಹತ್ತಿರದ ನಂಟು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದನ್ನು ಬಜೆಟ್‌ನಲ್ಲಿ ಪ್ರಕಟಿಸಿದವರು ಅಂದು ಹಣಕಾಸು ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ, ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ. ಸಾರಾಯಿ ಪ್ಯಾಕೆಟ್‌ನಿಂದ ಸಂಸಾರ ಕಳೆದುಕೊಂಡ ಹೆಂಗಸರಿಗೆ ಆ ದಿನ ದೊಡ್ಡ ಆಸರೆ ಸಿಕ್ಕಿತ್ತು. ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ, ರಮ್ ಬಂದವು. ಹಳ್ಳಿಯ ಗೂಡಂಗಡಿಗಳಲ್ಲಿ ಅಕ್ರಮವಾಗಿ ಮದ್ಯ ಮಾರುತ್ತಾರೆಂಬ ದೂರು ಗ್ರಾಮಸಭೆಗಳಲ್ಲಿ ಇಂದಿಗೂ ನಿಂತಿಲ್ಲ. ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿ ಆದಾಯದ ಗುರಿಯನ್ನು 40,000 ಕೋಟಿ ರೂಪಾಯಿಗೆ ನಿಗದಿ ಮಾಡಿತು. 2023ರ ಜನವರಿಯಲ್ಲಂತೂ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಹೊರಬಂದು, ವಿರೋಧ ಎದ್ದ ಮೇಲೆ ವಾಪಸಾಯಿತು. ಹದಿನೆಂಟರ ಹುಡುಗನ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಅಲ್ಲಿಂದ ಮುಂದಿನ ಹತ್ತು ಹದಿನೈದು ವರ್ಷಗಳೇ ಅವನು ತಂದೆಯಾಗುವ ಕಾಲ. ಆ ವಯಸ್ಸಿನವರನ್ನು ಆದಾಯದ ಮೂಲವಾಗಿ ಕಾಣುವ ಯೋಚನೆ ಮತ್ತೆ ತಲೆ ಎತ್ತಬಾರದು.

ಗಂಡಸಿನ ಕುಡಿತದ ಬೇರು ಎಷ್ಟೋ ಸಲ ಅವನ ಬಾಲ್ಯದಲ್ಲಿರುತ್ತದೆ. ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಅಂಡಾ ಸ್ಯಾನ್ ಡಿಯಾಗೊದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೈಲಿಗಲ್ಲು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲೆ ನಡೆಯುವ ಹಿಂಸೆ, ಮನೆಯಲ್ಲಿ ಕುಡುಕರು, ಜೈಲಿಗೆ ಹೋದವರು ಇಂಥ ಅನುಭವಗಳನ್ನು ಅವರು ಎಣಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಮದ್ಯವ್ಯಸನ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ ಏನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ಕರ್ನಾಟಕದ ಮನೆಗಳತ್ತ ತಿರುಗಿದರೆ ಎದೆ ನಡುಗಿಸುವ ಒಂದು ಅಂಕಿಯಿದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇದು ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣಗಳ ಸಾಲಿನಲ್ಲಿದೆ. ಅದೇ ಸಮೀಕ್ಷೆ ದೇಶದ ಮಟ್ಟದಲ್ಲಿ ಇನ್ನೊಂದನ್ನೂ ತೋರಿಸಿತು: ಗಂಡ ಪದೇ ಪದೇ ಕುಡಿದು ಬರುವ ಮನೆಗಳಲ್ಲಿ ಹಿಂಸೆಯ ಪ್ರಮಾಣ ಕುಡಿಯದವರ ಮನೆಗಳಿಗಿಂತ ಹಲವು ಪಟ್ಟು ಹೆಚ್ಚು. ಆ ಮನೆಗಳ ಮೂಲೆಯಲ್ಲಿ ಕಂಬಳಿ ಹೊದ್ದು ಎಚ್ಚರವಾಗಿ ಮಲಗಿರುವ ಹುಡುಗರು ಇದ್ದಾರೆ. ಸಮೀಕ್ಷೆ ತಾಯಂದಿರನ್ನು ಎಣಿಸಿತು. ಆ ಹುಡುಗರ ದೇಹಕ್ಕೆ ಆಗುತ್ತಿರುವುದನ್ನೂ ಎಣಿಕೆಗೆ ತರಬೇಕು.

ಭಯಗೊಂಡ ಮಗುವಿನ ದೇಹದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಅಪಾಯ ಕಳೆದ ಮೇಲೆ ಇಳಿಯಬೇಕು. ಪ್ರತಿ ಸಂಜೆಯೂ ಅಪಾಯವೇ ಆದರೆ ಇಡೀ ವ್ಯವಸ್ಥೆಯ ಮಟ್ಟ ತಪ್ಪುತ್ತದೆ. ಒತ್ತಡದ ಹಾರ್ಮೋನುಗಳನ್ನು ನಡೆಸುವ ಹೈಪೋಥಲಾಮಸ್ ಮತ್ತು ಪಿಟ್ಯುಟರಿಗಳೇ ವೃಷಣಕ್ಕೂ ಸೂಚನೆ ಕೊಡುವವು. ಒಂದು ದಾರಿ ಸದಾ ಗದ್ದಲದಲ್ಲಿದ್ದರೆ ಇನ್ನೊಂದು ಮಂಕಾಗುತ್ತದೆ. ಪ್ರಾಣ ಉಳಿಸಿಕೊಳ್ಳುವ ತುರ್ತಿನಲ್ಲಿ ದೇಹ ಸಂತಾನದ ಕೆಲಸವನ್ನು ಹಿಂದಕ್ಕೆ ಸರಿಸುತ್ತದೆ.

ಇದು ತಾಯಿಯ ಹೊಟ್ಟೆಯಲ್ಲೇ ಶುರುವಾಗಬಹುದು ಎಂದು ತೋರಿಸಿದ್ದು ಆಸ್ಟ್ರೇಲಿಯಾದ ಪರ್ತ್ ನಗರ. ಅಲ್ಲಿ 1989ರಿಂದ 1991ರ ನಡುವೆ ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವ ತನಕ ಹಿಂಬಾಲಿಸುವ ರೈನ್ ಅಧ್ಯಯನ ನಡೆದಿದೆ. ಬಸುರಿನ ದಿನಗಳಲ್ಲಿ ಹತ್ತಿರದವರ ಸಾವು, ಕೆಲಸ ಹೋದದ್ದು, ಹಣದ ಮುಗ್ಗಟ್ಟು, ದಾಂಪತ್ಯದ ಜಗಳ, ಮನೆ ಬದಲಾವಣೆ ಇವೆಲ್ಲವನ್ನೂ ತಾಯಂದಿರಿಂದ ಕೇಳಿ ಬರೆದಿಟ್ಟಿದ್ದರು. ಆ ಗಂಡುಮಕ್ಕಳಲ್ಲಿ 643 ಮಂದಿಯನ್ನು ಇಪ್ಪತ್ತರ ವಯಸ್ಸಿನಲ್ಲಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಗರ್ಭದ ಮೊದಲ 18 ವಾರಗಳಲ್ಲಿ ತಾಯಿಗೆ ಮೂರು ಅಥವಾ ಹೆಚ್ಚು ಆಘಾತಗಳಾಗಿದ್ದ ಯುವಕರಲ್ಲಿ ವೀರ್ಯಾಣುಗಳ ಒಟ್ಟು ಸಂಖ್ಯೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಚಲನೆಯೂ ಟೆಸ್ಟೋಸ್ಟಿರಾನ್ ಮಟ್ಟವೂ ಶೇ 11-12ರಷ್ಟು ಕಡಿಮೆಯಿದ್ದವು. ಗರ್ಭದ ಕೊನೆಯ ತಿಂಗಳುಗಳ ಒತ್ತಡಕ್ಕೆ ಈ ಪರಿಣಾಮ ಕಾಣಲಿಲ್ಲ. ಭ್ರೂಣದ ವೃಷಣ ರೂಪ ತಳೆಯುವುದು ಆ ಮೊದಲ ವಾರಗಳಲ್ಲೇ.

ಹಾಗಾದರೆ ಸೀಮಂತಕ್ಕೆ ಮೊದಲಿನ ತಿಂಗಳುಗಳಲ್ಲಿ ಬಸುರಿಗೆ ಬಿದ್ದ ಏಟು, ಕಟ್ಟಿಕೊಂಡ ಕಣ್ಣೀರು, ಸಾಲಗಾರನ ಕಾಟ ಇಪ್ಪತ್ತು ವರ್ಷಗಳ ನಂತರ ಅವಳ ಮಗನ ಸಂತಾನಶಕ್ತಿಯಲ್ಲಿ ತೋರಬಹುದು. ಡೆನ್ಮಾರ್ಕಿನ ಇನ್ನೊಂದು ತಂಡ 347 ಯುವಕರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿನಲ್ಲಿ ವಾರಕ್ಕೆ ನಾಲ್ಕೈದು ಗ್ಲಾಸಿಗೆ ಮೇಲೆ ಮದ್ಯ ಕುಡಿದಿದ್ದ ತಾಯಂದಿರ ಮಕ್ಕಳಲ್ಲಿ ವೀರ್ಯಾಣು ಸಾಂದ್ರತೆ ಮೂರನೇ ಒಂದು ಪಾಲು ಕಡಿಮೆ ಎಂದು ಕಂಡಿತ್ತು. ಮಲೆನಾಡಿನ ಅಂಚಿನ ಈ ಹಳ್ಳಿಗಳಲ್ಲಿ ಕುಡಿಯುವ ಬಸುರಿಯರು ವಿರಳ. ಕುಡಿದ ಗಂಡನೊಂದಿಗೆ ಬದುಕುವ ಬಸುರಿಯರು ವಿರಳವಲ್ಲ.

ಇನ್ನೊಂದು ಸಂಶೋಧನೆಯ ಎಳೆ ವೀರ್ಯಾಣುವಿನ ಒಳಗೇ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇಸಾಬೆಲ್ ಮನ್ಸುಯ್ ಅವರ ತಂಡ ಇಲಿಮರಿಗಳನ್ನು ಹುಟ್ಟಿದ ಮೊದಲ ಎರಡು ವಾರ, ದಿನಕ್ಕೆ ಮೂರು ಗಂಟೆ, ಹೊತ್ತಲ್ಲದ ಹೊತ್ತಿನಲ್ಲಿ ತಾಯಿಯಿಂದ ಬೇರ್ಪಡಿಸಿತು. ಬೆಳೆದ ಗಂಡಿಲಿಗಳ ವೀರ್ಯಾಣುಗಳಲ್ಲಿ ಸಣ್ಣ ಆರ್‌ಎನ್ಎ ಕಣಗಳ ಪ್ರಮಾಣ ಬದಲಾಗಿತ್ತು. ಆ ಆರ್‌ಎನ್ಎಯನ್ನು ಒತ್ತಡವನ್ನೇ ಕಾಣದ ಇಲಿಗಳ ಫಲಿತ ಅಂಡಗಳಿಗೆ ಚುಚ್ಚಿದಾಗ, ಹುಟ್ಟಿದ ಮರಿಗಳಲ್ಲೂ ತಂದೆಯ ನಡವಳಿಕೆಯ ಲಕ್ಷಣಗಳು ಕಂಡವು. ಇದು 2014ರ ಮಾತು. 2018ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಲ್ಯಾರಿ ಫೇಗ್ ಅವರ ತಂಡ 28 ಗಂಡಸರ ವೀರ್ಯವನ್ನು ನೋಡಿ, ಕಠಿಣ ಬಾಲ್ಯ ಕಂಡವರಲ್ಲಿ ಎರಡು ಬಗೆಯ ಮೈಕ್ರೋ ಆರ್‌ಎನ್ಎಗಳು ಬಹಳ ಕಡಿಮೆಯಿದ್ದುದನ್ನು ವರದಿ ಮಾಡಿತು. ಫಿನ್ಲೆಂಡಿನ ತುರ್ಕು ನಗರದ ತಂಡ 55 ಗಂಡಸರಲ್ಲಿ ಇದೇ ದಿಕ್ಕಿನ ಫಲಿತಾಂಶವನ್ನು 2025ರಲ್ಲಿ ಪ್ರಕಟಿಸಿತು. ಕುಡಿತದ ಕಡೆಯಿಂದ ಟೆಕ್ಸಾಸ್‌ನ ಮೈಕೆಲ್ ಗೋಲ್ಡಿಂಗ್, ಗರ್ಭಕ್ಕೆ ಮೊದಲು ಗಂಡಿಲಿಗೆ ಮದ್ಯ ಕುಡಿಸಿದರೆ ಮರಿಗಳ ಮುಖದ ರಚನೆಯಲ್ಲೂ ವ್ಯತ್ಯಾಸ ಬರುತ್ತದೆಂದು 2023ರಲ್ಲಿ ತೋರಿಸಿದರು.

ಇವುಗಳನ್ನು ಅಳೆದು ಓದಬೇಕು. ಇಲಿ ಮನುಷ್ಯನಲ್ಲ. 28 ಮಂದಿ, 55 ಮಂದಿಯ ಅಧ್ಯಯನಗಳು ದಿಕ್ಕು ತೋರಿಸುತ್ತವೆ, ತೀರ್ಪು ಕೊಡುವುದಿಲ್ಲ. ಕಷ್ಟದ ಬಾಲ್ಯ ಕಂಡವನ ಮಗ ಹೀಗೇ ಆಗುತ್ತಾನೆ ಎಂದು ಯಾರೂ ಹೇಳಲಾರರು. ಅಪ್ಪ ಕುಡಿಯುತ್ತಿದ್ದ ಎಂಬ ಕಾರಣಕ್ಕೆ ಮಗನಿಗೆ ಹೆಣ್ಣು ಕೊಡದ ಊರಿನಲ್ಲಿ ಇದನ್ನು ಇನ್ನೊಂದು ಕಳಂಕವಾಗಿ ಬಳಸುವುದು ಕ್ರೂರ. ಅದೇ ಜ್ಯೂರಿಕ್ ತಂಡ 2016ರಲ್ಲಿ ಇನ್ನೊಂದನ್ನೂ ಕಂಡಿತು. ಒತ್ತಡ ಉಂಡ ಇಲಿಗಳನ್ನು ಆಮೇಲೆ ಆಟಕ್ಕೆ, ಓಡಾಟಕ್ಕೆ, ಸಂಗಾತಿಗಳಿಗೆ ಅನುಕೂಲವಿರುವ ವಿಶಾಲ ಗೂಡಿನಲ್ಲಿ ಬೆಳೆಸಿದರೆ ಮುಂದಿನ ಪೀಳಿಗೆಗೆ ಆ ಪರಿಣಾಮ ದಾಟುವುದು ತಪ್ಪುತ್ತದೆ. ಬಾಲ್ಯದ ಗಾಯ ವಿಧಿಯಲ್ಲ, ಅದಕ್ಕೆ ಆರೈಕೆಯುಂಟು ಎನ್ನುವುದಕ್ಕೆ ಇದು ಬಲವಾದ ಸೂಚನೆ.

ಕರ್ನಾಟಕದಲ್ಲಿ ಈ ಬಗೆಯ ಸಂಶೋಧನೆಗೆ ನೆಲ ಹದವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮುಂಚೂಣಿಯಲ್ಲಿದ್ದು, ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ರೂಪಿಸಿದ ಸಿ-ವೇದ ಅಧ್ಯಯನ ಬೆಂಗಳೂರು, ಮೈಸೂರು, ರಿಷಿವ್ಯಾಲಿ, ಚಂಡೀಗಢ, ಕೋಲ್ಕತ್ತ, ಇಂಫಾಲಗಳಲ್ಲಿ 6ರಿಂದ 23 ವರ್ಷದ ಸುಮಾರು 9,000 ಮಕ್ಕಳು ಮತ್ತು ಯುವಕರನ್ನು ಒಳಗೊಂಡಿದೆ. ಬಾಲ್ಯದ ಕಷ್ಟ, ಪರಿಸರದ ವಿಷ, ಮಿದುಳಿನ ಬೆಳವಣಿಗೆ, ವ್ಯಸನದತ್ತ ಒಲವು ಇವುಗಳ ನಂಟನ್ನು ಅದು ಹುಡುಕುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳ ಗುಂಪನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಳಿಂದ ಹಿಂಬಾಲಿಸುತ್ತಿದ್ದಾರೆ. ಹದಿಹರೆಯದಲ್ಲಿ ಆ ಮಕ್ಕಳ ಒತ್ತಡದ ಹಾರ್ಮೋನನ್ನೂ ಅಳೆದಿದ್ದಾರೆ. ಈಗ ಅವರೆಲ್ಲ ಮದುವೆಯ ವಯಸ್ಸಿನವರು. ಪರ್ತ್‌ನಲ್ಲಿ ಮಾಡಿದ ಪರೀಕ್ಷೆಯನ್ನು ಒಪ್ಪಿಗೆ ಪಡೆದು ಇಂಥ ಗುಂಪುಗಳಲ್ಲಿ ಮಾಡಿದರೆ, ಕನ್ನಡ ನೆಲದ ಗಂಡಸರ ಬಗ್ಗೆ ಡೆನ್ಮಾರ್ಕಿನ ಅಂಕಿಗಳನ್ನು ಎರವಲು ತರಬೇಕಾಗುವುದಿಲ್ಲ.

ವಿಜ್ಞಾನಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ ‘ಕಾಡಿನ ಬೆಂಕಿ’ ಚಿತ್ರ ಅವರ ಒತ್ತಾಸೆಯಿಂದ 1988ರಲ್ಲಿ ಬಂತು. ಮನಸ್ಸಿನ ಆಳದಲ್ಲಿ ಉಳಿದದ್ದು ಗಂಡಸೊಬ್ಬನ ದಾಂಪತ್ಯವನ್ನು ಹೇಗೆ ಕಾಡುತ್ತದೆ ಎಂಬ ವಸ್ತುವನ್ನು ಚಿತ್ರಮಂದಿರಕ್ಕೆ ತಂದ ಆ ಸಿನಿಮಾಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಮೂರೂವರೆ ದಶಕದ ಮೇಲೂ ಬಸ್‌ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತ ಸಮಸ್ಯೆ’ಗಳ ಜಾಹೀರಾತುಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಾಯಿಬಿಡಲು ಹೆದರಿದ ಗಂಡಸು ಲಾಡ್ಜಿನಲ್ಲಿ ಕೂತ ನಕಲಿ ವೈದ್ಯನಿಗೆ ಸಾವಿರಾರು ರೂಪಾಯಿ ಕೊಟ್ಟು ಪುಡಿ ಕಟ್ಟಿಸಿಕೊಂಡು ಬರುತ್ತಾನೆ. ಶಕ್ತಿಗೆಂದು ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಳ್ಳುವವರು, ಜಿಮ್‌ನಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇನ್ನೂ ಅಪಾಯದಲ್ಲಿದ್ದಾರೆ. ಹೊರಗಿನಿಂದ ಹಾರ್ಮೋನ್ ಬಂದರೆ ಮಿದುಳು ವೃಷಣಕ್ಕೆ ಸೂಚನೆ ಕೊಡುವುದನ್ನೇ ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪಾದನೆ ಕುಸಿಯುತ್ತದೆ.

ನಿಜವಾದ ಪರೀಕ್ಷೆ ಇದಕ್ಕಿಂತ ಎಷ್ಟೋ ಸರಳ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಡಬೇಕು, ಒಂದು ಗಂಟೆಯೊಳಗೆ ಅದು ಪ್ರಯೋಗಾಲಯದಲ್ಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಶೇ 42ರಷ್ಟು ಚಲನೆ ಎಂಬ ಕೆಳಮಿತಿಯನ್ನು ಹೋಲಿಕೆಗೆ ಕೊಡುತ್ತದೆ. ಖರ್ಚು ಕೆಲವು ನೂರು ರೂಪಾಯಿ. ಮಿತಿಗಿಂತ ಕಡಿಮೆ ಬಂದರೂ ಕತೆ ಮುಗಿಯುವುದಿಲ್ಲ. ಮತ್ತೊಮ್ಮೆ ಪರೀಕ್ಷಿಸಬೇಕು, ಕಾರಣ ಹುಡುಕಬೇಕು. ಒಂದು ವೀರ್ಯಾಣು ಪೂರ್ತಿ ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಇಂದು ಕುಡಿತ ಬಿಟ್ಟವನ ದೇಹ ಮೂರು ತಿಂಗಳ ಹೊತ್ತಿಗೆ ಹೊಸ ಬೆಳೆ ತೆಗೆದಿರುತ್ತದೆ. ಲಕ್ಷಾಂತರ ರೂಪಾಯಿಯ ಪ್ರನಾಳ ಶಿಶು ಚಿಕಿತ್ಸೆಗೆ ಅಡಿಕೆ ತೋಟ ಒತ್ತೆಯಿಡುವ ಮೊದಲು ಈ ಮೂರು ತಿಂಗಳಿಗೆ ಅವಕಾಶ ಸಿಗಬೇಕು.

ಬಿಡು ಎಂದ ಮಾತ್ರಕ್ಕೆ ಬಿಡಲು ಎಲ್ಲರಿಗೂ ಆಗುವುದಿಲ್ಲ. ದಿಲ್ಲಿಯ ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ದಿನವೂ ಹೆಚ್ಚು ಕುಡಿಯುತ್ತಿದ್ದವನು ಒಮ್ಮೆಲೆ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದಕ್ಕೆ ವೈದ್ಯರ ಆಸರೆ ಬೇಕೇ ಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಕ್ಲಿನಿಕ್ ಇದೆ. ನಿಮ್ಹಾನ್ಸ್ ಉಸ್ತುವಾರಿಯಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೇ ಮಾತಾಡುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತವೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಇವೆಲ್ಲ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿವೆ. ಸಂತಾನದ ಆಸೆಯಿಂದ ಬಂದ ಗಂಡಸನ್ನು ಅಲ್ಲೇ ವ್ಯಸನದ ಚಿಕಿತ್ಸೆಗೆ ಜೋಡಿಸುವ ಕೊಂಡಿ ಬೇಕು. ಲಿವರ್ ಹೋಗುತ್ತದೆ ಎಂದರೆ ಕೇಳದವನು ತಂದೆಯಾಗುವುದು ತಡವಾಗುತ್ತದೆ ಎಂದರೆ ಕೇಳಿಯಾನು.

ತಾಳಗುಂದದ ಪಕ್ಕದ ಬಳ್ಳಿಗಾವಿಯ ಕೋಡಿಮಠದ ಬಗ್ಗೆ 1162ರ ಶಾಸನವೊಂದಿದೆ. ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ದೀನರಿಗೆ, ಅನಾಥರಿಗೆ ಅನ್ನ ಮತ್ತು ರೋಗಿಗಳಿಗೆ ಔಷಧ ಕೊಡುತ್ತಿದ್ದ ಸ್ಥಳವೆಂದು ಅದು ಆ ಮಠವನ್ನು ವರ್ಣಿಸುತ್ತದೆ. ಕಲಿಕೆ ಮತ್ತು ಚಿಕಿತ್ಸೆ ಒಂದೇ ಅಂಗಳದಲ್ಲಿ ನಡೆದ ಸೀಮೆಯಿದು. ಈ ಎರಡು ತಾಲೂಕುಗಳಲ್ಲಿ ಆ ಕೆಲಸ ಇಂದು ಹೀಗೆ ನಡೆಯಬಹುದು: ಶಿಕಾರಿಪುರ ಮತ್ತು ಸೊರಬದ ತಾಲೂಕು ಆಸ್ಪತ್ರೆಗಳಲ್ಲಿ ವೀರ್ಯ ಪರೀಕ್ಷೆ ಉಚಿತವಾಗಿ, ಗೌಪ್ಯವಾಗಿ, ಮಾದರಿ ಕೊಡಲು ಬಾಗಿಲು ಹಾಕಿಕೊಳ್ಳುವ ಕೋಣೆಯ ಸಮೇತ ಸಿಗಲಿ. ಮಕ್ಕಳಾಗಲಿಲ್ಲವೆಂದು ಬಂದ ದಂಪತಿಗಳಲ್ಲಿ ಗಂಡನ ವರದಿ ಕೈಸೇರುವ ಮೊದಲು ಹೆಂಡತಿಯ ಮೇಲೆ ನೋವಿನ ಅಥವಾ ದುಬಾರಿಯ ಯಾವ ಪರೀಕ್ಷೆಯೂ ಬೇಡ. ಬಸುರಿಯ ಮೊದಲ ತಪಾಸಣೆಯಲ್ಲೇ ಮನೆಯ ಹಿಂಸೆ, ಗಂಡನ ಕುಡಿತ ಕೇಳಿ ತಿಳಿಯುವ ತರಬೇತಿ ಆಶಾ ಕಾರ್ಯಕರ್ತೆಯರಿಗೂ ನರ್ಸ್‌ಗಳಿಗೂ ಸಿಗಲಿ. ಪ್ರೌಢಶಾಲೆಗಳಲ್ಲಿ ಕುಡುಕ ಮನೆಯಿಂದ ಬರುವ ಹುಡುಗನನ್ನು ಗುರುತಿಸಿ ಮಾತಾಡಿಸಬಲ್ಲ ಆಪ್ತ ಸಮಾಲೋಚಕರು ಇರಲಿ.

ಇದಕ್ಕೆ ಹಣ ಎಲ್ಲಿಂದ ಎಂದು ಕೇಳುವವರಿಗೆ ಉತ್ತರ ಬಜೆಟ್ ಪುಸ್ತಕದಲ್ಲೇ ಇದೆ. 40,000 ಕೋಟಿ ರೂಪಾಯಿಯ ಅಬಕಾರಿ ಗುರಿಯಲ್ಲಿ ನೂರಕ್ಕೆ ಒಂದು ಪಾಲು ಎಂದರೆ 400 ಕೋಟಿ. ರಾಜ್ಯದ ತಾಲೂಕುಗಳಿಗೆ ಹಂಚಿದರೆ ಒಂದೊಂದಕ್ಕೂ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಬರುತ್ತದೆ. ಒಬ್ಬ ಮನೋವೈದ್ಯ, ಇಬ್ಬರು ಸಮಾಲೋಚಕರು, ಒಬ್ಬ ತಂತ್ರಜ್ಞ, ಒಂದು ಸೂಕ್ಷ್ಮದರ್ಶಕಕ್ಕೆ ಅಷ್ಟು ಧಾರಾಳ. 2023ರಲ್ಲಿ ಸೊರಬದಿಂದ ಗೆದ್ದ ಮಧು ಬಂಗಾರಪ್ಪ ಶಾಲಾ ಶಿಕ್ಷಣ ಸಚಿವರಾದರು. ಅದೇ ವರ್ಷ ಶಿಕಾರಿಪುರದಿಂದ ಗೆದ್ದ ಬಿ.ವೈ. ವಿಜಯೇಂದ್ರ ವಿರೋಧ ಪಕ್ಷದ ರಾಜ್ಯಾಧ್ಯಕ್ಷರಾದರು. ಪಕ್ಷ ಬೇರೆಯಾದರೂ ಇಬ್ಬರ ಮತದಾರರ ಮನೆಗಳಲ್ಲಿ ಇರುವುದು ಒಂದೇ ಸಂಕಟ. ಈ ನೂರಕ್ಕೊಂದು ಪಾಲನ್ನು ಮುಂದಿನ ಬಜೆಟ್‌ಗೆ ಮೊದಲು ಇಬ್ಬರೂ ಒಟ್ಟಾಗಿ ಕೇಳಲಿ, ಮೊದಲ ಎರಡು ಕೇಂದ್ರಗಳು ಈ ಎರಡು ತಾಲೂಕುಗಳಲ್ಲೇ ತೆರೆಯಲಿ.